ಸಣ್ಣ ಲೋಟದ ಅರ್ಜಿ: ವಿಮಾನ ನಿಲ್ದಾಣದ ಕಾಫಿ-ತಿಂಡಿ ಮಳಿಗೆಯವರಿಗೆ ಬಹಿರಂಗ ಪತ್ರ

ವಿಮಾನ ನಿಲ್ದಾಣಗಳಲ್ಲಿ ಕಾಫಿ-ತಿಂಡಿ ಮಾರುವ ಮಳಿಗೆಯವರಿಗೆ, ಆ ಮಳಿಗೆಗಳಿಗೆ ಜಾಗ ಗುತ್ತಿಗೆ ಕೊಡುವ ನಿಲ್ದಾಣದ ಆಡಳಿತದವರಿಗೆ,



ಬೆಳಗ್ಗೆ 6 ಗಂಟೆಗೆ ಬೆಂಗಳೂರಿನಿಂದ ಹೊರಡುವ ವಿಮಾನದ ಪ್ರಯಾಣಿಕರ ಲೆಕ್ಕ ಹೀಗಿರುತ್ತದೆ. ಬ್ಯಾಗು ಒಪ್ಪಿಸುವ ಕೌಂಟರ್ 5ಕ್ಕೆ ಮುಚ್ಚುತ್ತದೆ. ಬೋರ್ಡಿಂಗ್ ಗೇಟು ಸಾಮಾನ್ಯವಾಗಿ 25 ನಿಮಿಷ ಮುಂಚೆ, ಅಂದರೆ 5.35ಕ್ಕೆ. ಜಯನಗರದಿಂದಲೋ ರಾಜರಾಜೇಶ್ವರಿ ನಗರದಿಂದಲೋ ದೇವನಹಳ್ಳಿ ಮುಟ್ಟಬೇಕಾದವರು 3 ಗಂಟೆಗೇ ಮನೆ ಬಿಟ್ಟಿರುತ್ತಾರೆ. ಆ ಹೊತ್ತಿಗೆ ಮನೆಯಲ್ಲಿ ಡಿಕಾಕ್ಷನ್ ಇಳಿದಿರುವುದಿಲ್ಲ. ಇಳಿದಿದ್ದರೂ ಹಾಲು ಬಂದಿರುವುದಿಲ್ಲ. ಸಾಲಿನಲ್ಲಿ ನಿಂತು, ಬೆಲ್ಟು ಬಿಚ್ಚಿ, ಲ್ಯಾಪ್‌ಟಾಪ್ ಟ್ರೇಗೆ ಹಾಕಿ, ಮತ್ತೆ ಬೆಲ್ಟು ಕಟ್ಟಿಕೊಂಡು ಭದ್ರತಾ ತಪಾಸಣೆಯ ಆಚೆ ಬಂದಾಗ 5.10. ಗೇಟಿನವರೆಗೆ ಹತ್ತು ನಿಮಿಷದ ನಡಿಗೆ. ಉಳಿದದ್ದು 15 ನಿಮಿಷ.

ಈ ಪತ್ರ ಆ 15 ನಿಮಿಷದ ಕುರಿತದ್ದು.

ಬೆಲೆಯ ಬಗ್ಗೆ ನಿಮಗೆ ಸಾಕಷ್ಟು ಪತ್ರಗಳು ಬಂದಿರಬಹುದು. 2018ರ ಮಾರ್ಚಿನಲ್ಲಿ ಮಾಜಿ ಹಣಕಾಸು ಸಚಿವ ಪಿ. ಚಿದಂಬರಂ ಚೆನ್ನೈ ನಿಲ್ದಾಣದಲ್ಲಿ ಚಹಾ ಕೇಳಿದಾಗ ಬಿಸಿನೀರು ಮತ್ತು ಒಂದು ಟೀ ಬ್ಯಾಗಿಗೆ 135 ರೂಪಾಯಿ ಹೇಳಿದರಂತೆ, ಕಾಫಿಗೆ 180. ಅವರು ಬೇಡವೆಂದು ಹಿಂತಿರುಗಿ ಟ್ವಿಟರ್‌ನಲ್ಲಿ ಬರೆದುಕೊಂಡರು. ದೇಶದ ಬಜೆಟ್ ಹಲವು ಸಲ ಮಂಡಿಸಿದವರಿಗೇ ಚಹಾದ ಬಜೆಟ್ ಕೂಡಿಬರಲಿಲ್ಲ ಎಂದು ಜನ ನಕ್ಕರು. 2024ರ ಡಿಸೆಂಬರಿನಲ್ಲಿ ರಾಜ್ಯಸಭೆಯಲ್ಲಿ ಸಂಸದ ರಾಘವ್ ಛಡ್ಡಾ ಇದೇ ಮಾತೆತ್ತಿದರು. ಅದೇ ತಿಂಗಳ 21ರಂದು ಕೋಲ್ಕತ್ತ ನಿಲ್ದಾಣದಲ್ಲಿ ನಾಗರಿಕ ವಿಮಾನಯಾನ ಸಚಿವ ಕೆ. ರಾಮಮೋಹನ ನಾಯ್ಡು ‘ಉಡಾನ್ ಯಾತ್ರಿ ಕೆಫೆ’ ತೆರೆದರು: ಚಹಾ 10 ರೂಪಾಯಿ, ನೀರು 10, ಕಾಫಿ 20, ಸಮೋಸ 20, ಸಿಹಿ 20. 2025ರ ಫೆಬ್ರುವರಿಯಲ್ಲಿ ಚೆನ್ನೈಗೂ ಅದು ಬಂತು, ಆಮೇಲೆ ಬೇರೆ ಊರುಗಳಿಗೂ.

ಆ ಕೆಫೆ ಬಂದದ್ದು ಒಳ್ಳೆಯದೇ. ಆದರೆ ಹತ್ತು ರೂಪಾಯಿಯ ಚಹಾಕ್ಕೆ ಹನುಮಂತನ ಬಾಲದಷ್ಟು ಸಾಲು ಇದ್ದರೆ 5.10ಕ್ಕೆ ಆಚೆ ಬಂದವರಿಗೆ ಅದೂ ಸಿಗುವುದಿಲ್ಲ. ಬೆಲೆಯ ಜಗಳದ ಗದ್ದಲದಲ್ಲಿ ಇನ್ನೆರಡು ಸಂಗತಿ ಮುಚ್ಚಿಹೋಗಿವೆ. ಒಂದು ಸಮಯ, ಇನ್ನೊಂದು ಅಳತೆ.

ಮೊದಲು ಇಷ್ಟೊಂದು ಜನ ನಿಮ್ಮ ಬಾಗಿಲಿಗೆ ಬಂದದ್ದಾದರೂ ಹೇಗೆ ಎಂದು ನೆನಪಿಸಿಕೊಳ್ಳೋಣ. ಅದರಲ್ಲಿ ಹಾಸನ ಜಿಲ್ಲೆಯ ಗೊರೂರಿನ ಒಬ್ಬರ ಪಾತ್ರ ದೊಡ್ಡದು. ಸೇನೆ ಬಿಟ್ಟು ಬಂದು ತೋಟ ಮಾಡಿ, ಹಾಸನದಲ್ಲಿ ಹೋಟೆಲನ್ನೂ ನಡೆಸಿದ್ದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಬೆಂಗಳೂರು-ಹುಬ್ಬಳ್ಳಿಯಂಥ ದಾರಿಗಳಲ್ಲಿ ಹಾರಿದ ಆ ಸಂಸ್ಥೆ ಟಿಕೆಟ್ ದರ ಇಳಿಸಲು ಕೈಬಿಟ್ಟವುಗಳಲ್ಲಿ ಪುಕ್ಕಟೆ ಊಟದ ತಟ್ಟೆಯೂ ಒಂದು. ಬೇಕಾದವರು ದುಡ್ಡು ಕೊಟ್ಟು ತಿನ್ನಲಿ ಎಂಬುದು ಲೆಕ್ಕ. ಹೋಟೆಲು ನಡೆಸಿ ಗೊತ್ತಿದ್ದವರಿಗೆ ಆ ತಟ್ಟೆಯ ನಿಜವಾದ ಖರ್ಚೂ ಗೊತ್ತಿದ್ದಿರಬೇಕು. ಮುಂದೆ ಬಂದ ಕಡಿಮೆ ದರದ ಏರ್‌ಲೈನ್‌ಗಳು ಇದೇ ಹಾದಿ ಹಿಡಿದವು. ವಿಮಾನದಿಂದ ಇಳಿದ ಆ ತಟ್ಟೆ ನೇರವಾಗಿ ಬಂದು ಸೇರಿದ್ದು ನಿಮ್ಮ ಕೌಂಟರಿಗೆ.

ಮೇಲೆ ಹೋದ ಮೇಲೆ ಕುಡಿದರಾಯಿತು ಎನ್ನುವಂತೆಯೂ ಇಲ್ಲ. ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 6,330 ಅಡಿ. 8,000 ಅಡಿಯಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಕಪ್ಪಿಗೆ ಬೀಳುವಷ್ಟರಲ್ಲಿ ಇನ್ನೂ ಆರಿರುತ್ತದೆ. ಜೊತೆಗೆ ಒಣ ಗಾಳಿಯಲ್ಲಿ ಮೂಗು ಒಣಗಿ ಪರಿಮಳ ಹತ್ತುವುದಿಲ್ಲ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಲುಫ್ತಾನ್ಸಾ ವಿಮಾನ ಸಂಸ್ಥೆಗಾಗಿ ನೆಲದ ಮೇಲೆಯೇ ವಿಮಾನದ ಒತ್ತಡ ಸೃಷ್ಟಿಸಿ ಜನರಿಗೆ ತಿನ್ನಿಸಿ ನೋಡಿತ್ತು. ಉಪ್ಪು ಮತ್ತು ಸಿಹಿ ಎರಡೂ ನಾಲಿಗೆಗೆ ಮಂಕಾಗುತ್ತವೆ ಎಂದು ಕಂಡುಬಂತು. ಚಿಕ್ಕಮಗಳೂರಿನ ಬೀಜವೇ ಆಗಿರಲಿ, ಚಿಕ್ಕಮಗಳೂರಿಗಿಂತ ಮೇಲೆ ಅದು ಸೋಲುತ್ತದೆ. ಹೀಗಾಗಿ ಕಾಫಿ ಕುಡಿಯುವ ಜಾಗ ನೆಲವೇ. ಅಂದರೆ ನೀವೇ.

ನಿಮ್ಮ ಕಷ್ಟ ಈ ಪತ್ರಕ್ಕೆ ತಿಳಿಯದ್ದಲ್ಲ. ನಿಲ್ದಾಣದೊಳಗೆ ಮಳಿಗೆ ಹಿಡಿದವರು ವರ್ಷಕ್ಕೆ ಇಷ್ಟು ಎಂದು ಕನಿಷ್ಠ ಮೊತ್ತ ಕಟ್ಟಬೇಕು, ಅಥವಾ ವ್ಯಾಪಾರದಲ್ಲಿ ಪಾಲು ಕೊಡಬೇಕು. ಎರಡರಲ್ಲಿ ಯಾವುದು ಹೆಚ್ಚೋ ಅದು ನಿಲ್ದಾಣಕ್ಕೆ ಎನ್ನುವುದು ವಾಡಿಕೆಯ ಕರಾರು. ಕಪ್ಪು ತೊಳೆಯುವ ಹುಡುಗನಿಗೂ ಭದ್ರತಾ ಪಾಸ್ ಬೇಕು. ಹಾಲಿನ ಕ್ರೇಟು, ಹಿಟ್ಟಿನ ಪಾತ್ರೆ ಎಲ್ಲವೂ ತಪಾಸಣೆಯಾಗಿಯೇ ಒಳಗೆ ಬರಬೇಕು. ಮೂರು ಪಾಳಿಯ ಕೆಲಸ. ಬಾಗಿಲು ಹಾಕುವ ರಾತ್ರಿ ಇಲ್ಲ.

ಆ ಬಾಡಿಗೆಯ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಪ್ರಯಾಣಿಕರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ‘ಹೈಬ್ರಿಡ್ ಟಿಲ್’ ಎಂಬ ಲೆಕ್ಕವನ್ನು ಒಪ್ಪಿಕೊಂಡಿತು. ಅಂಗಡಿ, ಹೋಟೆಲು, ಜಾಹೀರಾತು, ಪಾರ್ಕಿಂಗ್‌ನಿಂದ ನಿಲ್ದಾಣಕ್ಕೆ 100 ರೂಪಾಯಿ ಬಂದರೆ ಅದರಲ್ಲಿ 30 ರೂಪಾಯಿ ವಿಮಾನ ಇಳಿಸುವ ಶುಲ್ಕ, ಟಿಕೆಟ್ಟಿನಲ್ಲಿ ಸೇರಿರುವ ಬಳಕೆದಾರರ ಅಭಿವೃದ್ಧಿ ಶುಲ್ಕ ಇತ್ಯಾದಿಗಳ ಭಾರ ಇಳಿಸಲು ಹೋಗಬೇಕು. ದೊಡ್ಡ ನಿಲ್ದಾಣಗಳ ಈ ಶುಲ್ಕ ನಿಗದಿ ಮಾಡುವುದು 2009ರಲ್ಲಿ ಸ್ಥಾಪನೆಯಾದ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ. ದುಬಾರಿ ಕಾಫಿ ಕುಡಿದವರು ತಮಗರಿವಿಲ್ಲದೆ ಪಕ್ಕದ ಸೀಟಿನವರ ಟಿಕೆಟ್ಟಿಗೂ ಚೂರು ಕೊಟ್ಟಿರುತ್ತಾರೆ. ಪಕ್ಕದವರು ಮನೆಯಿಂದ ತಂದ ಚಪಾತಿ ಬಿಚ್ಚುತ್ತಿದ್ದರೆ ಇದನ್ನು ಹೇಳದಿರುವುದು ಮೇಲು.

ಇನ್ನು ಮುಖ್ಯ ಮಾತು. ಅವಸರದ ಕಾಫಿಯನ್ನು ಹೇಗೆ ಮಾರಬೇಕು ಎಂಬ ಪ್ರಶ್ನೆಗೆ ಬೆಂಗಳೂರು ಈ ದೇವನಹಳ್ಳಿಯ ನಿಲ್ದಾಣ ಕಟ್ಟುವ ಮೊದಲೇ ಉತ್ತರ ಕಂಡುಕೊಂಡಿತ್ತು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ‘ಕೆಫೆ ದರ್ಶಿನಿ’ ತೆರೆದರು. ಮೊದಲು ದುಡ್ಡು, ಆಮೇಲೆ ಚೀಟಿ, ಎದುರಿಗೇ ಅಡುಗೆ, ಕಟ್ಟೆಯ ಮುಂದೆ ನಿಂತು ತಿಂಡಿ. ಕುರ್ಚಿ ಇಲ್ಲ, ಸರ್ವರ್ ಇಲ್ಲ, ‘ಇನ್ನೇನು ಬೇಕು ಸಾರ್’ ಇಲ್ಲ. ಬೋರ್ಡು ತಲೆಯ ಮೇಲೆ, ಬೆಲೆ ಅದರಲ್ಲೇ. ಬಸ್ಸು ಹಿಡಿಯುವ ಗುಮಾಸ್ತರು, ಕಾಲೇಜಿಗೆ ಓಡುವ ಹುಡುಗರು, ವಾಕಿಂಗ್ ಮುಗಿಸಿದ ನಿವೃತ್ತರು ಒಂದೇ ಕಟ್ಟೆಗೆ ಮೊಣಕೈ ಊರಿ ಹತ್ತು ನಿಮಿಷದೊಳಗೆ ಇಡ್ಲಿ-ವಡೆ-ಕಾಫಿ ಮುಗಿಸಿ ಹೊರಟರು. ಆ ನಮೂನೆ ಊರೆಲ್ಲ ಹರಡಿತು. 2008ರ ಮೇ ತಿಂಗಳಲ್ಲಿ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. ದರ್ಶಿನಿಯ ಕ್ರಮ ಮಾತ್ರ ನಿಲ್ದಾಣಕ್ಕೆ ಹೊರಳುವ ಟ್ರಂಪೆಟ್ ತಿರುವಿನಲ್ಲೇ ಉಳಿದುಬಿಟ್ಟಿತೇನೋ ಅನ್ನಿಸುತ್ತದೆ.

ದರ್ಶಿನಿಯ ವೇಗದ ಗುಟ್ಟು ಹುಡುಗರ ಕೈಚಳಕವಲ್ಲ, ಡಿಕಾಕ್ಷನ್. ಎಸ್ಪ್ರೆಸೊ ಯಂತ್ರದಲ್ಲಿ ಪ್ರತಿ ಕಪ್ಪೂ ಹೊಸದಾಗಿ ಹುಟ್ಟಬೇಕು: ಬೀಜ ಪುಡಿ ಮಾಡು, ಒತ್ತು, 25-30 ಸೆಕೆಂಡು ಇಳಿಸು, ಹಾಲಿಗೆ ಹಬೆ ಕೊಡು, ನೊರೆ ಎಬ್ಬಿಸು, ಸುರಿ, ಹಬೆಯ ಕೊಳವೆ ಒರೆಸು, ಕಪ್ಪಿನ ಮೇಲೆ ಹೆಸರು ಬರೆ, ಆ ಹೆಸರು ಕೂಗು. ನುರಿತ ಕೈಗೂ ಎರಡು ನಿಮಿಷ. ಮುಂದೆ ಏಳು ಜನ ಇದ್ದರೆ ನಮ್ಮ ಪ್ರಯಾಣಿಕರ 15 ನಿಮಿಷ ಅಲ್ಲಿಗೇ ಮುಗಿಯಿತು. ಫಿಲ್ಟರ್ ಕಾಫಿಯಲ್ಲಿ ಕಾಯುವ ಕೆಲಸವನ್ನೆಲ್ಲ ಗಿರಾಕಿ ಬರುವ ಮುಂಚೆಯೇ ಮುಗಿಸಿಡಲಾಗುತ್ತದೆ. ಡಿಕಾಕ್ಷನ್ ತನ್ನ ಪಾಡಿಗೆ ತೊಟ್ಟಿಕ್ಕಿ ಇಳಿದಿರುತ್ತದೆ, ಹಾಲು ಮಂದ ಉರಿಯಲ್ಲಿ ಕಾದಿರುತ್ತದೆ. ಗಿರಾಕಿ ಎದುರಿಗೆ ಆಗಬೇಕಾದದ್ದು ಡಿಕಾಕ್ಷನ್, ಹಾಲು, ಸಕ್ಕರೆ, ಒಂದು ಎತ್ತಿ ಸುರಿಯುವಿಕೆ. ಇಪ್ಪತ್ತು ಸೆಕೆಂಡು. ಪುಡಿಯಲ್ಲಿ ಚಿಕೋರಿ ಇದ್ದರೂ ತಕರಾರಿಲ್ಲ. ನಿಯಮ 49 ಪರ್ಸೆಂಟಿನವರೆಗೆ ಒಪ್ಪುತ್ತದೆ, ಅಷ್ಟು ದೂರ ಹೋಗಬೇಡಿ ಎಂಬ ಕೋರಿಕೆ ಮಾತ್ರ ಉಂಟು.

ಲೆಕ್ಕ ಹಾಕಿಯೇ ನೋಡಿ. ಒಂದು ಯಂತ್ರ, ಒಬ್ಬ ಕೆಲಸಗಾರ, 15 ನಿಮಿಷಕ್ಕೆ ಏಳು ಕಪ್ಪು, ಕಪ್ಪಿಗೆ 280 ರೂಪಾಯಿ ಎಂದಿಟ್ಟುಕೊಳ್ಳಿ: 1,960 ರೂಪಾಯಿ. ಅದೇ 15 ನಿಮಿಷದಲ್ಲಿ 20 ಸೆಕೆಂಡಿಗೊಂದರಂತೆ 45 ಲೋಟ ಫಿಲ್ಟರ್ ಕಾಫಿ, ಲೋಟಕ್ಕೆ 50 ರೂಪಾಯಿ: 2,250. ಹಾಲು-ಪುಡಿಯ ಖರ್ಚು ಹೆಚ್ಚು, ಒಪ್ಪತಕ್ಕದ್ದೇ. ದಿನವಿಡೀ ಅಂಥ ಸಾಲು ಇರುವುದಿಲ್ಲ, ಅದೂ ನಿಜ. ಆದರೆ ಮುಂಜಾನೆ 4ರಿಂದ 8ರವರೆಗೆ ಸಾಲು ಇರುತ್ತದೆ. ಅದನ್ನು ದೂರದಿಂದಲೇ ನೋಡಿ, ಗಡಿಯಾರ ನೋಡಿ, ಸುಮ್ಮನೆ ಗೇಟಿನ ಕಡೆ ಹೋದವರ ದುಡ್ಡು ನಿಮ್ಮ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ಇದು ಆಗದ ಮಾತೂ ಅಲ್ಲ. 2009ರಲ್ಲಿ ಗಾಂಧಿ ಬಜಾರಿನ ಪುಟ್ಟ ಮಳಿಗೆಯಲ್ಲಿ ಶುರುವಾದ ಹಟ್ಟಿ ಕಾಪಿ ಬೆಂಗಳೂರು ನಿಲ್ದಾಣಕ್ಕೂ ಬಂದು, ಫಿಲ್ಟರ್ ಕಾಫಿಗೆ ಅಲ್ಲೂ ಸಾಲು ನಿಲ್ಲುತ್ತದೆ ಎಂದು ತೋರಿಸಿದೆ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯುವ ರಾಜ್ಯದ ಹೆಬ್ಬಾಗಿಲಲ್ಲಿ ಅಂಥದ್ದು ಒಂದೆರಡು ಮೂಲೆಗೆ ಸೀಮಿತವಾಗದೆ ಗೇಟು ಗೇಟಿಗೂ ಇದ್ದರೆ ಚೆನ್ನ.

ಅಳತೆಯ ವಿಷಯ. ದರ್ಶಿನಿಯ ಒಂದು ಕಾಫಿ ಸುಮಾರು 100 ಮಿಲಿ. ಅದೂ ಜಾಸ್ತಿ ಎಂದು ಬೈಟು ಮಾಡಿಕೊಳ್ಳುವ ಊರು ಇದು. ದೊಡ್ಡ ಕಾಫಿ ಸರಪಳಿಗಳಲ್ಲಿ ಅತಿ ಸಣ್ಣ ಕಪ್ಪೇ ಇದರ ಎರಡರಷ್ಟಕ್ಕಿಂತ ದೊಡ್ಡದು. 5.30ಕ್ಕೆ ಆ ಬಾಲ್ದಿ ಕೈಗೆ ಬಂದರೆ ನಾಲಿಗೆ ಸುಟ್ಟುಕೊಂಡು ಕುಡಿಯಬೇಕು, ಇಲ್ಲವೇ ಅರ್ಧ ಚೆಲ್ಲಬೇಕು. ಹೇಗೋ ಪೂರ್ತಿ ಕುಡಿದು ಕಿಟಕಿ ಪಕ್ಕದ ಸೀಟಿನಲ್ಲಿ ಕೂತವರಿಗೆ ಸೀಟ್ ಬೆಲ್ಟಿನ ದೀಪ ಆರುವವರೆಗಿನ ತಳಮಳ ಬೇರೆ. ನಡುವೆ ಇಬ್ಬರು ನಿದ್ದೆ ಮಾಡುತ್ತಿರುತ್ತಾರೆ. ದೊಡ್ಡ ಕಪ್ಪಿಗೆ ದೊಡ್ಡ ಬೆಲೆ ಸಹಜ. ಸಣ್ಣದು ಕೇಳಿದವರಿಗೆ ಸಣ್ಣದು ಇಲ್ಲವೆನ್ನುವುದೇ ಇಲ್ಲಿನ ಅಸಹಜ. ಲೋಟ ಚಿಕ್ಕದಾದರೆ ಬೆಲೆ ತಾನಾಗಿ ಇಳಿಯುತ್ತದೆ. ಆಮೇಲೆ ಸಂಸತ್ತಿನಲ್ಲಿ ಮಾತಾಡುವವರಿಗೆ ಬೇರೆ ವಿಷಯ ಹುಡುಕಬೇಕಾದೀತು.

ತಿಂಡಿಗೂ ಇದೇ ನ್ಯಾಯ. ಮದ್ದೂರು ವಡೆಯ ಕತೆ ನಿಮಗೂ ಗೊತ್ತು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬವರು ತಿಂಡಿ ಮಾರುತ್ತಿದ್ದರು. ಒಂದು ದಿನ ರೈಲು ಬೇಗ ಬಂದು, ಉಂಡೆ ಕಟ್ಟಿ ಕರಿಯಲು ಹೊತ್ತಿಲ್ಲದೆ, ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರು ಎನ್ನುತ್ತಾರೆ. ಕತೆಯಲ್ಲಿ ಎಷ್ಟು ಕಟ್ಟಿದ್ದಿದೆಯೋ, ವಡೆಯಂತೂ ಗಟ್ಟಿ. ಕೈಯಲ್ಲಿ ಹಿಡಿದು ನಡೆಯುತ್ತ ತಿನ್ನಬಹುದು, ಚಟ್ನಿಗೆ ಕಾಯಬೇಕಿಲ್ಲ, ಆರಿದರೂ ಕೆಡುವುದಿಲ್ಲ, ತಟ್ಟೆ-ಚಮಚದ ಗೊಡವೆಯಿಲ್ಲ. ಪ್ರಯಾಣಿಕರ ಅವಸರವನ್ನೇ ನೋಡಿ ಹುಟ್ಟಿದ ತಿಂಡಿ. ಕೋಡುಬಳೆ, ನಿಪ್ಪಟ್ಟು, ಬಿಸಿ ಆರದ ಡಬ್ಬಿಯಲ್ಲಿ ಎರಡೇ ಇಡ್ಲಿ, ಅರ್ಧ ಪ್ಲೇಟು ಖಾರಾಬಾತು, ಒಂದು ಏಲಕ್ಕಿ ಬಾಳೆಹಣ್ಣು: ಇವೆಲ್ಲ ಅದೇ ಜಾತಿಯವು.

ಮಸಾಲೆ ದೋಸೆ ಆ ಜಾತಿಯದ್ದಲ್ಲ. ಕಾವಲಿಯ ಮುಂದೆ ಸರದಿ ಕಾದು, ರಟ್ಟಿನ ಡಬ್ಬಿಗೆ ಹಾಕಿಸಿಕೊಂಡು, ಗೇಟಿನ ಬಳಿ ತೆರೆದರೆ ಗರಿಗರಿ ಹೋಗಿ ಒದ್ದೆ ಬಟ್ಟೆಯ ಹಾಗಿರುತ್ತದೆ. ಎರಡು ಗಂಟೆ ಮುಂಚೆ ಬಂದು ಕೂತು ತಿನ್ನುವವರಿಗೆ ದೋಸೆ ಇರಲಿ, ಬೇಡವೆಂದವರಾರು? ಸಾಂಬಾರಿನಲ್ಲಿ ಮುಳುಗಿಸಿದ ವಡೆಯನ್ನು ಪಾರ್ಸೆಲ್ ಕಟ್ಟಿಕೊಡುವುದನ್ನಂತೂ ನಿಲ್ಲಿಸಬಹುದು. 25 ನಿಮಿಷದಲ್ಲಿ ಅದು ಯಾರ ಅಂಗಿಯ ಮೇಲಾದರೂ ಮುಗಿಯುತ್ತದೆ.

ಮನೆಯ ಬುತ್ತಿಯವರ ಬಗ್ಗೆ ಒಂದು ಮಾತು. ದೇಶದೊಳಗಿನ ಪ್ರಯಾಣದಲ್ಲಿ ಚಪಾತಿ-ಪಲ್ಯ, ಚಿತ್ರಾನ್ನ, ಚಕ್ಕುಲಿ ಕೈಚೀಲದಲ್ಲಿ ಒಯ್ಯಲು ಅಡ್ಡಿಯಿಲ್ಲ. ವಿದೇಶಕ್ಕೆ ಹೋಗುವಾಗ ಚಟ್ನಿ, ತುಪ್ಪಗಳು 100 ಮಿಲಿಯ ಮಿತಿಗೆ ಸಿಕ್ಕುತ್ತವೆ. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದ ನಿಯಮವದು. ಒಣ ಕೊಬ್ಬರಿಗೆ ಮಾತ್ರ ಎಣ್ಣೆಯ ಅಂಶ ಹೆಚ್ಚಿರುವುದರಿಂದ ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತು ಎಂಬ ಹಣೆಪಟ್ಟಿ ಇದೆ. ತಿಪಟೂರಿನ ಗಿಟಕು ಮುಂಬೈಯ ಮಗಳ ಮನೆಗೆಂದು ಹೊರಟು ತಪಾಸಣೆಯಲ್ಲೇ ಉಳಿಯುವುದು ಇದರಿಂದ. ಬುತ್ತಿ ಬಿಚ್ಚಿದ ಅಜ್ಜಿ ನಿಮ್ಮ ಮೇಜಿನ ತುದಿಯಲ್ಲಿ ಕೂತರೆ ಎಬ್ಬಿಸಬೇಡಿ. ಅವರ ಜೊತೆ ಬಂದ ಮಗನಿಗೋ ಮೊಮ್ಮಗಳಿಗೋ ನಿಮ್ಮಿಂದಲೇ ಕಾಫಿ ಬೇಕಾಗುತ್ತದೆ. ಕುಡಿಯುವ ನೀರಿನ ನಲ್ಲಿ ಎಲ್ಲಿದೆ ಎಂದು ಕೇಳಿದವರಿಗೆ ಬಾಟಲಿ ತೋರಿಸುವ ಬದಲು ನಲ್ಲಿಯನ್ನೇ ತೋರಿಸಿ.

ಬಾಟಲಿಯ ಮಾತು ಬಂದದ್ದರಿಂದ ಬೆಲೆಗೆ ಒಮ್ಮೆ ಮರಳಬೇಕು. ಒಂದೇ ಸರಕಿಗೆ ಎರಡೆರಡು ಎಂಆರ್‌ಪಿ ಮುದ್ರಿಸುವುದಕ್ಕೆ 2018ರ ಜನವರಿಯಿಂದ ಕಾನೂನಿನ ತಡೆ ಇದೆ. ಹಾಗೆಂದು ಎಲ್ಲ ಕಡೆಯೂ ಎಂಆರ್‌ಪಿಯೇ ಎನ್ನುವಂತಿಲ್ಲ: ಕೂರಿಸಿ ಸೇವೆ ಕೊಡುವ ಹೋಟೆಲುಗಳು ನೀರಿಗೆ ಹೆಚ್ಚು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿತು. ನಿಂತಲ್ಲೇ ಖರೀದಿಸಿ ಹೊರಡುವ ಕೌಂಟರಿನಲ್ಲಿ ಸೇವೆ ಯಾವುದು, ಅದಕ್ಕೆ ಹೆಚ್ಚಿಗೆ ಎಷ್ಟು ಎಂದು ನಿಮ್ಮ ಬೋರ್ಡು ಹೇಳಲಿ. ಸಾಲಿನ ಕೊನೆಯಲ್ಲಿ ನಿಂತವರಿಗೂ ಕಾಣುವಂತೆ ಹೇಳಲಿ, ಕನ್ನಡದಲ್ಲೂ ಹೇಳಲಿ. ಮೆನು ನೋಡಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುವ ಪದ್ಧತಿ ಮೊದಲ ಸಲ ವಿಮಾನ ಹತ್ತಲು ಬಂದ ತಂದೆ-ತಾಯಿಗಳನ್ನು ಕೌಂಟರಿನಿಂದ ದೂರವೇ ನಿಲ್ಲಿಸುತ್ತದೆ.

ಬೇರೆಯವರೂ ಬೆಲೆಯ ಈ ಪೇಚಿನಲ್ಲಿ ಬಿದ್ದು ಎದ್ದಿದ್ದಾರೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಿಲ್ದಾಣದಲ್ಲಿ ಊರೊಳಗಿನ ಬೆಲೆಯೇ ಒಳಗೂ ಇರಬೇಕೆಂಬ ನಿಯಮ ಬಹಳ ಹಿಂದಿನದು. ನ್ಯೂಯಾರ್ಕಿನ ಲಾಗ್ವಾರ್ಡಿಯಾದಲ್ಲಿ 2021ರಲ್ಲಿ ಒಂದು ಬಿಯರಿಗೆ 27.85 ಡಾಲರ್ ಎಂಬ ಮೆನು ಚಿತ್ರ ಊರೆಲ್ಲ ಓಡಾಡಿದ ಮೇಲೆ ಅಲ್ಲಿನ ಪೋರ್ಟ್ ಅಥಾರಿಟಿ ತನಿಖೆ ನಡೆಸಿ, ಬೀದಿಯ ಬೆಲೆಯ ಮೇಲೆ 10 ಪರ್ಸೆಂಟಿಗಿಂತ ಹೆಚ್ಚು ಕೂಡಿಸಬಾರದೆಂದು 2022ರಲ್ಲಿ ಕಟ್ಟಳೆ ಹಾಕಿತು.

ವಿಮಾನ ತಡವಾದ ದಿನ ನಿಮ್ಮ ಪರೀಕ್ಷೆ ಇನ್ನೊಂದು ಬಗೆಯದು. ಎರಡೂವರೆ ಗಂಟೆಯೊಳಗಿನ ಹಾರಾಟ 2 ಗಂಟೆ ತಡವಾದರೆ, ಐದು ಗಂಟೆಯವರೆಗಿನದು 3 ಗಂಟೆ ತಡವಾದರೆ, ಅದಕ್ಕೂ ಉದ್ದದ್ದು 4 ಗಂಟೆ ತಡವಾದರೆ ಕಾಯುವ ಪ್ರಯಾಣಿಕರಿಗೆ ಏರ್‌ಲೈನ್ ಉಚಿತವಾಗಿ ಊಟ-ತಿಂಡಿ ಕೊಡಬೇಕು ಎಂಬುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ಬೆಂಗಳೂರು-ಮುಂಬೈ, ಬೆಂಗಳೂರು-ಹುಬ್ಬಳ್ಳಿ ಎಲ್ಲ ಮೊದಲ ಸಾಲಿನಲ್ಲೇ ಬರುತ್ತವೆ. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ, ತಮ್ಮ ದುಡ್ಡಿನಲ್ಲೇ ತಿಂದು ಸುಮ್ಮನಾಗುತ್ತಾರೆ. ಕೂಪನ್ ಹಿಡಿದು ಬಂದವರಿಗೆ ‘ಇದಕ್ಕೆ ಬರೀ ಸ್ಯಾಂಡ್‌ವಿಚ್’ ಎಂದು ತಣ್ಣನೆಯ ಬ್ರೆಡ್ಡು ಕೊಡುವ ಬದಲು ಕೂಪನ್ನಿನ ಬೆಲೆಗೆ ಬರುವ ಯಾವ ತಿಂಡಿಯನ್ನಾದರೂ ಕೊಡುವ ಕರಾರನ್ನು ಏರ್‌ಲೈನ್‌ಗಳ ಜೊತೆ ಮೊದಲೇ ಮಾಡಿಟ್ಟುಕೊಳ್ಳುವುದು ಮಳಿಗೆಯವರ ಕೈಯಲ್ಲೇ ಇದೆ.

ಕೊನೆಯ ಕೋರಿಕೆ ಜಾಗ ಕೊಡುವ ಆಡಳಿತದವರಿಗೆ. ಮುಂದಿನ ಟೆಂಡರ್ ಕರೆಯುವಾಗ ಪ್ರತಿ ಗೇಟು ಸಾಲಿಗೆ ನಾಲ್ಕು ಅಡಿಯ ಒಂದು ಕೌಂಟರನ್ನು ಬೇರೆಯಾಗಿಯೇ ನಮೂದಿಸಿ. ಮುಂಜಾನೆ 4ರಿಂದ ತೆರೆದಿರಬೇಕು. 100 ಮಿಲಿಯ ಫಿಲ್ಟರ್ ಕಾಫಿ, ಚಹಾ, ಎರಡು ಇಡ್ಲಿ, ಒಂದು ವಡೆ, ಇಷ್ಟೇ ಮಾರಬೇಕು. ಬೆಲೆಗೆ ಮಿತಿ ಇರಲಿ, ಆ ಮಿತಿಗೆ ತಕ್ಕಂತೆ ಬಾಡಿಗೆಯೂ ಇಳಿಯಲಿ. ಕನಿಷ್ಠ ಮೊತ್ತದ ಷರತ್ತು ಆ ನಾಲ್ಕು ಅಡಿಗೆ ಬೇಡ, ವ್ಯಾಪಾರದ ಪಾಲು ಸಾಕು. ಹುಬ್ಬಳ್ಳಿ, ಬೆಳಗಾವಿ, ಮೈಸೂರಿನಂಥ ಸಣ್ಣ ನಿಲ್ದಾಣಗಳಲ್ಲಿ ಇದನ್ನು ಮೊದಲು ಮಾಡಿ ನೋಡಬಹುದು. ಅಲ್ಲಿ ಸಾಲೂ ಚಿಕ್ಕದು, ನಷ್ಟವಾದರೂ ಚಿಕ್ಕದು. ಬೆಂಗಳೂರಿನ ಎರಡನೇ ಟರ್ಮಿನಲ್ಲಿನಲ್ಲಿ ತೂಗುವ ಗಿಡಗಳಿಗೆ ಅಷ್ಟು ಜಾಗ ಸಿಕ್ಕಿದೆ, ನಾಲ್ಕು ಅಡಿ ಸಿಗದೆ ಹೋಗಲಿಕ್ಕಿಲ್ಲ.

ಇಂತಿ,
ಮುಂಜಾನೆಯ ವಿಮಾನದ ಪ್ರಯಾಣಿಕರ ಪರವಾಗಿ